ಫ್ಲಶ್ ನೀರಿಗೆ ಬಣ್ಣ ಹಾಕಿ ತೋರಿಸಿದ ಮೇಲೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟ್ ಇದೆ, ಆ ನೀರನ್ನು ಫ್ಲಶ್‌ಗೆ ಕೊಡಲು ಬೇರೆ ಪೈಪ್ ಇದೆ. ಆದರೂ 2024ರ ಬೇಸಿಗೆಯಲ್ಲಿ, ಬೆಂಗಳೂರಿನ ಬೋರ್‌ವೆಲ್‌ಗಳು ಒಣಗಿ ಟ್ಯಾಂಕರ್‌ಗೆ ಕಾಯುತ್ತಿದ್ದಾಗಲೂ, ಫ್ಲಶ್ ಲೈನಿಗೆ ಒಳ್ಳೆ ನೀರೇ ಹೋಗುತ್ತಿತ್ತು. ಶುದ್ಧ ಮಾಡಿದ ನೀರು ಬಿಟ್ಟರೆ ಸಾಕು, ಜನ ಗಲಾಟೆ ಮಾಡುತ್ತಿದ್ದರು. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಾಕಿದರೆ ಅದರಲ್ಲಿ 45 ಲೀಟರ್ ಫ್ಲಶ್‌ಗೇ ಬೇಕು. ನೂರು ಕಿಲೋಮೀಟರ್ ಆಚೆಯಿಂದ ಪಂಪ್ ಮಾಡಿ ತಂದ ಕಾವೇರಿ ನೀರನ್ನು ಹೀಗೆ ಸುರಿಯುವುದು ನನಗಂತೂ ಸಹಿಸಲಾಗಲಿಲ್ಲ, ಅದಕ್ಕೇ ಎಸ್‌ಟಿಪಿ ಜವಾಬ್ದಾರಿ ತೆಗೆದುಕೊಂಡೆ.

ಲ್ಯಾಬ್ ರಿಪೋರ್ಟ್ ನೋಟಿಸ್ ಬೋರ್ಡಿಗೆ ಅಂಟಿಸಿದರೆ ಯಾರೂ ಓದುವುದಿಲ್ಲ. ಜನರಿಗೆ ಬೇಕಾದದ್ದು ಮೂಗಿಗೆ ವಾಸನೆ ಬರಬಾರದು, ಅಷ್ಟೇ. ವಾಸನೆ ಬರುತ್ತಿದ್ದದ್ದು ನಿಜ. ಕರೆಂಟ್ ಬಿಲ್ ಉಳಿಸಲು ಪ್ಲಾಂಟ್ ನೋಡಿಕೊಳ್ಳುವವರು ರಾತ್ರಿ ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಆಫ್ ಮಾಡುತ್ತಿದ್ದರು. ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಸಿಗದಿದ್ದರೆ ನೀರು ನಾರದೆ ಇನ್ನೇನಾಗುತ್ತೆ? ಹಾಗೆ ಆಫ್ ಮಾಡುವುದನ್ನು ನಿಲ್ಲಿಸಿ, ಕಾರ್ಬನ್ ಫಿಲ್ಟರ್ ಬದಲಾಯಿಸಿ, ಕ್ಲೋರಿನ್ ಸರಿಯಾಗಿ ಹಾಕಿಸಿದೆವು. ದಿನಾ ಬೆಳಿಗ್ಗೆ ಗಾಳಿ ಊದುವ ಟ್ಯಾಂಕಿನ ನೀರನ್ನು ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ಅರ್ಧ ಗಂಟೆ ಇಟ್ಟು ನೋಡುತ್ತೇವೆ: ಕಂದು ಕೆಸರು ತಳಕ್ಕೆ ಕೂತು ಮೇಲೆ ತಿಳಿನೀರು ನಿಂತರೆ ಪ್ಲಾಂಟ್ ಆರೋಗ್ಯವಾಗಿದೆ ಅಂತ. ವಾಸನೆ ದೂರು ಕೊಡುವವರನ್ನು ಹಠಮಾರಿಗಳು ಅಂತ ಬೈಯಬೇಡಿ, ಅವರು ಹೇಳಿದ್ದರಿಂದಲೇ ಬ್ಲೋವರ್ ವಿಷಯ ಗೊತ್ತಾಗಿದ್ದು.

ವಾಸನೆ ಹೋದ ಮೇಲೂ ಒಂದು ಭಯ ಉಳಿದಿತ್ತು. ಮಡಿ ಮಾಡುವ ಒಬ್ಬ ಅಜ್ಜಿ ನೇರವಾಗಿ ಕೇಳಿದರು, "ತೊಳೆದುಕೊಳ್ಳೋ ಜೆಟ್‌ನಲ್ಲೂ ಅದೇ ನೀರು ಬರುತ್ತಾ ಏನಪ್ಪಾ?" ಬಹಳ ಮನೆಗಳ ಅನುಮಾನ ಇದೇ ಆಗಿತ್ತು, ಬಾಯಿಬಿಟ್ಟು ಕೇಳಿದವರು ಅವರೊಬ್ಬರೇ. ಫ್ಲಶ್‌ನ ಓವರ್‌ಹೆಡ್ ಟ್ಯಾಂಕಿಗೆ ತಿಂಡಿಗೆ ಹಾಕುವ ನೀಲಿ ಬಣ್ಣ ಕಲಸಿ, ಅಜ್ಜಿಯ ಮನೆಯಲ್ಲೇ ಎಲ್ಲ ನಲ್ಲಿ ತೆರೆದು ತೋರಿಸಿದೆವು. ಕಮೋಡ್‌ನಲ್ಲಿ ನೀಲಿ, ಜೆಟ್‌ನಲ್ಲಿ, ಬೇಸಿನ್‌ನಲ್ಲಿ, ಅಡುಗೆಮನೆಯಲ್ಲಿ ತಿಳಿನೀರು. ಪಕ್ಕದ ಮನೆಯವರೂ ಬಂದು ನೋಡಿದರು. ಪೈಪ್ ಎಲ್ಲಾದರೂ ತಪ್ಪಾಗಿ ಸೇರಿದ್ದರೂ ಇದರಲ್ಲಿ ಗೊತ್ತಾಗುತ್ತೆ, ಹಾಗಾಗಿ ಸುಮ್ನೆ ನಂಬಿ ಅನ್ನುವ ಬದಲು ಇದನ್ನೇ ಮಾಡಿ.

ನಮ್ಮ ತೋಟದ ಮಾಲಿ ಕೋಲಾರದ ಕಡೆಯವರು. "ನಮ್ಮೂರ ಕೆರೆಗೂ ನಿಮ್ಮ ಬೆಂಗಳೂರು ನೀರೇ ಬರೋದು ಸಾರ್" ಅಂದರು. ನಿಜ, ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ 2018ರಿಂದ ಅಲ್ಲಿನ ಕೆರೆಗಳಿಗೆ ನಮ್ಮ ಕೊಳಚೆ ನೀರನ್ನು ಎರಡನೇ ಹಂತದವರೆಗೆ, ಅಂದರೆ ಬ್ಯಾಕ್ಟೀರಿಯಾ ಕೊಳೆ ತಿನ್ನುವ ಹಂತದವರೆಗೆ ಶುದ್ಧ ಮಾಡಿ ಬಿಡುತ್ತಿದ್ದಾರೆ. ಶುರುವಾದ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು ವಿಷಯ ಹೈಕೋರ್ಟಿಗೆ ಹೋಯಿತು. ಕೆರೆ ನೀರು ಇಂಗಿ ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದ ಖುಷಿಯೂ ಅಲ್ಲಿದೆ, ಅದನ್ನೂ ಮೀರಿ ಇನ್ನಷ್ಟು ಸೋಸಿ ಶುದ್ಧ ಮಾಡುವ ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅನ್ನುವ ಒತ್ತಾಯವೂ ಇದೆ. ಆ ಒತ್ತಾಯ ನ್ಯಾಯವಾದದ್ದು. ಫ್ಲಶ್ ಮಾಡುವ ನೀರಿಗೇ ನಾವು ಇಷ್ಟು ಪ್ರಶ್ನೆ ಕೇಳಿದೆವು, ಅವರದ್ದು ಕುಡಿಯುವ ಬೋರ್‌ವೆಲ್ ಅಲ್ವಾ?