ಕಕ್ಕಡ ಮಳೆಯಲ್ಲಿ ಕೈಕೊಟ್ಟ ಕಂಪ್ಯೂಟರ್

ನಮ್ಮ ಕಾಫಿ ತೋಟ ಕೊಡಗಿನ ನಾಪೋಕ್ಲು ಕಡೆ. ಆಳುಗಳ ಸಂಬಳ, ಗೊಬ್ಬರದ ಬಿಲ್ಲು, ಕಾಫಿ ಮಾರಿದ ಲೆಕ್ಕ ಎಲ್ಲ ಒಂದು ಹಳೇ ಡೆಸ್ಕ್‌ಟಾಪ್‌ನಲ್ಲಿದೆ. ಅದಕ್ಕಿಂತ ದೊಡ್ಡ ಆಸ್ತಿ ಮಳೆ ಲೆಕ್ಕ. ಅಪ್ಪ ದಿನಾ ಬೆಳಿಗ್ಗೆ ಅಳೆದು, ಇಂಚು ಸೆಂಟಿನಲ್ಲಿ ಬರೆದಿಟ್ಟ ಪುಸ್ತಕಗಳನ್ನು ನಾನು ಎರಡು ಮಳೆಗಾಲ ಕೂತು ಟೈಪ್ ಮಾಡಿದ್ದೆ. ನೂರು ಸೆಂಟು ಸೇರಿದರೆ ಒಂದು ಇಂಚು, ತೋಟದವರ ಲೆಕ್ಕ ಇವತ್ತಿಗೂ ಅದೇ. ಆಮೇಲೆ ಪುಸ್ತಕಗಳಿಗೆ ಗೆದ್ದಲು ಹಿಡಿಯಿತು. ಬ್ಯಾಕಪ್ ಇರಲಿಲ್ಲ. ಬೈಯಬೇಡಿ, ಮನೆಯಲ್ಲಿ ಆಗಲೇ ಸಾಕಷ್ಟು ಬೈಸಿಕೊಂಡಿದ್ದೇನೆ.

ಜುಲೈ ಕೊನೆಯಲ್ಲಿ, ನಮ್ಮ ಕಕ್ಕಡ ತಿಂಗಳ ಮಳೆಗೆ, ಲೈನ್ ಮೇಲೆ ಮರ ಬಿದ್ದು 9 ದಿನ ಕರೆಂಟ್ ಇರಲಿಲ್ಲ. ಬಂದ ದಿನ ಬಟನ್ ಒತ್ತಿದೆ. ಫ್ಯಾನ್ ಎರಡು ಸೆಕೆಂಡ್ ತಿರುಗಿ ನಿಂತಿತು. ಮತ್ತೆ ತಾನೇ ತಿರುಗಿತು, ಮತ್ತೆ ನಿಂತಿತು. ಪರದೆ ಕಪ್ಪು. ಪೇಟೆಯ ಒಂದು ಅಂಗಡಿಗೆ ಫೋನ್ ಮಾಡಿದೆ. "ಬೋರ್ಡ್ ಹೋಗಿದೆ ಸಾರ್, ಹೊಸದೇ ತಗೊಳ್ಳಿ" ಅಂದರು. ಪೆಟ್ಟಿಗೆಯನ್ನು ಕಣ್ಣಲ್ಲೂ ನೋಡದೆ ಹೇಳಿದ ಆ ಮಾತಿಗೇ ನನಗೆ ಹಟ ಬಂತು.

ಪ್ಲಗ್ ಕಿತ್ತು ಪಕ್ಕದ ಬಾಗಿಲು ಬಿಚ್ಚಿದೆ. ಒಳಗೆ ಬೂಸ್ಟಿನ ವಾಸನೆ. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಗೋಡೆ ಯಾವುದಕ್ಕೂ ಬೂಸ್ಟು ಬಿಡುವುದಿಲ್ಲ, ಇದಕ್ಕೇಕೆ ಬಿಟ್ಟೀತು? ಬ್ರಷ್‌ನಿಂದ ಧೂಳು ತೆಗೆದು, ಒಂದು ರಾತ್ರಿ ಅಗ್ಗಿಷ್ಟಿಕೆ ಇದ್ದ ಕೋಣೆಯಲ್ಲಿ, ಬೆಂಕಿಯಿಂದ ದೂರ, ತೆರೆದೇ ಇಟ್ಟೆ. ಬೆಳಿಗ್ಗೆ ನೋಡಿದರೆ ಅದೇ ಕಥೆ.

ಆಗ ಎಲ್ಲವನ್ನೂ ಕಳಚಿದೆ. ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ನೆನಪಿನ ಪಟ್ಟಿಗಳಾದ ಎರಡೂ ರ‍್ಯಾಮ್. ಬೋರ್ಡ್, ಪ್ರೊಸೆಸರ್, ಅದರ ಫ್ಯಾನ್, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಇಷ್ಟೇ ಉಳಿಸಿದೆ. ರ‍್ಯಾಮ್ ಇಲ್ಲದೆ ಆನ್ ಮಾಡಿದರೆ ಬೋರ್ಡ್ ದೂರು ಹೇಳಬೇಕು. ಹೇಳಿತು. ಫ್ಯಾನ್ ನಿಲ್ಲದೆ ತಿರುಗಿತು, ಪುಟ್ಟ ಸ್ಪೀಕರ್‌ನಿಂದ ಉದ್ದುದ್ದ ಬೀಪ್ ಬಂತು. ಆ ಕಿರಿಕಿರಿ ಶಬ್ದಕ್ಕೆ ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು! ಬೀಪ್ ಮಾಡುವಷ್ಟು ಬೋರ್ಡೂ ಪ್ರೊಸೆಸರೂ ಬದುಕಿವೆ ಅಂತ ತಾನೇ ಅರ್ಥ?

ರ‍್ಯಾಮ್‌ನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. ಮಗಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಒಂದೊಂದಾಗಿ ಹಾಕಿದೆ. ಪರದೆ ಬಂತು. ಏನೋ ಇಂಗ್ಲಿಷ್ ಸಾಲು, ಕೆಳಗೆ ಎಫ್1 ಒತ್ತಿ ಅಂತ. ಓದದೆ ಒತ್ತಿಬಿಟ್ಟೆ. ಇದು ನನ್ನ ತಪ್ಪು, ಆಮೇಲೆ ಹೇಳುತ್ತೇನೆ.

ಹಾರ್ಡ್ ಡಿಸ್ಕ್ ಜೋಡಿಸಿದ ಕೂಡಲೇ ಮತ್ತೆ ಎರಡು ಸೆಕೆಂಡಿನ ಆಟ. ಎದೆ ಧಸಕ್ಕೆಂದಿತು. ಮಳೆ ಲೆಕ್ಕ ಇರುವುದು ಅದರಲ್ಲೇ ಅಲ್ವಾ? ಡೇಟಾ ಕೇಬಲ್ ಬಿಟ್ಟು ಬರೀ ಪವರ್ ಕೊಟ್ಟು ನೋಡಿದೆ. ಹಾಗೂ ನಿಂತಿತು. ಅಂದರೆ ಜಗಳ ಕರೆಂಟಿನದು.

ಎಸ್‌ಎಂಪಿಎಸ್ ಪರೀಕ್ಷೆಗೆ ಪೇಪರ್ ಕ್ಲಿಪ್ ಉಪಾಯ ಎಲ್ಲರಿಗೂ ಗೊತ್ತು. ಬೋರ್ಡಿನಿಂದ ಕಿತ್ತ ದೊಡ್ಡ ಕನೆಕ್ಟರಿನ 24 ಪಿನ್‌ನಲ್ಲಿ ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದರೆ ಫ್ಯಾನ್ ತಿರುಗುತ್ತದೆ. ನನ್ನದೂ ಚೆನ್ನಾಗಿಯೇ ತಿರುಗಿತು. ಆದರೆ ಖಾಲಿ ಜೀಪು ಇಳಿಜಾರಿನಲ್ಲಿ ಓಡಿದ ಮಾತ್ರಕ್ಕೆ ಕಾಫಿ ಮೂಟೆ ಹೇರಿಕೊಂಡು ಏರು ಹತ್ತುತ್ತದೆ ಅನ್ನೋಕಾಗಲ್ಲ. ಹಾಗಾಗಿ ಎಲ್ಲ ಜೋಡಿಸಿ, ಖಾಲಿ ಇದ್ದ ನಾಲ್ಕು ತೂತಿನ ಕನೆಕ್ಟರ್‌ಗೆ ಮಲ್ಟಿಮೀಟರ್ ಇಟ್ಟೆ. ನೇರಳೆ ತಂತಿ, ಕಕ್ಕಡದಲ್ಲಿ ಮದ್ದು ಸೊಪ್ಪಿನ ರಸದಿಂದ ಮಾಡುವ ನಮ್ಮ ಮದ್ದು ಪಾಯಸದ್ದೇ ಬಣ್ಣ, ಯಂತ್ರ ಆಫ್ ಇದ್ದಾಗಲೂ 5 ವೋಲ್ಟ್ ಕೊಡಬೇಕು. ದೊಡ್ಡ ಕನೆಕ್ಟರಿನ ಬೆನ್ನಿನಿಂದ ಅದನ್ನೂ ನೋಡಿದೆ, ಸರಿ ಇತ್ತು. ಹಳದಿ ತಂತಿಯಲ್ಲಿ 12 ಇರಬೇಕು, ಕಡಿಮೆ ಎಂದರೆ 11.4. ಆನ್ ಮಾಡಿದಾಗ 11.8 ತೋರಿಸಿತು. ಡಿಸ್ಕ್ ತಿರುಗಲು ಶುರುವಾಗುವ ಹೊತ್ತಿಗೆ 10.6ಕ್ಕೆ ಬಿದ್ದು ಆಫ್ ಆಯಿತು. ಡಿಸ್ಕ್ ಓಡುವಾಗಿನದಕ್ಕಿಂತ ಹೊರಡುವಾಗಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, 2 ಆಂಪಿಯರ್‌ವರೆಗೂ. ಆ ಹೊರೆ ಇದಕ್ಕೆ ತಡೆಯಲಿಲ್ಲ.

ಡಿಸ್ಕೇ ಹಾಳಾಗಿ ಹಾಗೆ ಎಳೆಯುತ್ತಿದ್ದರೆ? ಆ ಅನುಮಾನ ಕಳೆಯಲು ಅಕ್ಕನ ಮಗನ ಕಂಪ್ಯೂಟರಿನ ಎಸ್‌ಎಂಪಿಎಸ್ ತಂದೆ. "ಮಾವ, ಗೇಮ್ ಆಡೋದು ಅದರಲ್ಲೇ, ನಾಳೆನೇ ಕೊಡ್ಬೇಕು" ಅಂದ. ಅದನ್ನು ಹಾಕಿದರೆ ಡಿಸ್ಕ್ ಸಲೀಸಾಗಿ ತಿರುಗಿತು. ನನ್ನ ಹಳೆಯದರ ಜಾಲರಿಯೊಳಗೆ ಟಾರ್ಚ್ ಬಿಟ್ಟೆ. ಕರೆಂಟ್ ಕೂಡಿಡುವ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು, ಅವು ಹಾಳಾದ ಗುರುತು, ಪಕ್ಕದಲ್ಲಿ ಸತ್ತ ಇರುವೆಗಳು. ಅದನ್ನು ಬಿಚ್ಚಲು ಮಾತ್ರ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಮೇಲೆ ಉಳಿದಿರಬಹುದು. ನಾನು ಮಡಿಕೇರಿಗೆ ಹೋಗಿ ಹೊಸದು ತಂದೆ.

ಇಷ್ಟಾದರೂ ಮುಗಿಯಲಿಲ್ಲ. ವಿಂಡೋಸ್ ಅರ್ಧ ಬಂದು ನೀಲಿ ಪರದೆ, ಮತ್ತೆ ರೀಸ್ಟಾರ್ಟ್. ಅದೇ ಅಂಗಡಿಯವರು ಈಗ "ಫಾರ್ಮ್ಯಾಟ್ ಹೊಡೀಬೇಕು" ಅಂದರು. ಮಾಡಿಸಿಯೇಬಿಡುತ್ತಿದ್ದೆನೇನೋ. ಎಫ್1 ಸಾಲು ಮತ್ತೆ ಬಂದಾಗ ಈ ಸಲ ಓದಿದೆ. ಸಿಮಾಸ್ ಚೆಕ್‌ಸಮ್ ತಪ್ಪಾಗಿದೆ, ಮೂಲ ಸೆಟ್ಟಿಂಗ್ ಹಾಕಿದ್ದೇನೆ ಅಂತ ಇತ್ತು. ಅಂದರೆ ಬೋರ್ಡ್ ತನ್ನ ಸೆಟ್ಟಿಂಗ್ ಬರೆದಿಟ್ಟುಕೊಳ್ಳುವ ಜಾಗದ ಲೆಕ್ಕ ತಾಳೆಯಾಗಿಲ್ಲ. ಗಡಿಯಾರ ಹತ್ತು ವರ್ಷಕ್ಕೂ ಹಿಂದೆ ಹೋಗಿತ್ತು.

ಆ ಸೆಟ್ಟಿಂಗ್, ಗಡಿಯಾರ ಎರಡನ್ನೂ ಕಾಯುವ ಬೋರ್ಡಿನ ನಾಣ್ಯದಂಥ ಸೆಲ್, ಸಿಆರ್ 2032, ತೆಗೆದು ಅಳೆದೆ. 3 ವೋಲ್ಟ್ ಇರಬೇಕಾದಲ್ಲಿ 2.2. ಗೋಡೆಯ ಕರೆಂಟ್ ಇದ್ದಷ್ಟು ದಿನ ಯಂತ್ರ ಆಫ್ ಇದ್ದರೂ ಈ ಸೆಲ್ಲಿಗೆ ಕೆಲಸ ಕಡಿಮೆ. 9 ದಿನ ಕತ್ತಲೆಯಲ್ಲಿ ಅದೊಂದೇ ದುಡಿದು ಸುಸ್ತಾಯಿತು. ಸೆಟ್ಟಿಂಗ್ ಮರೆತಾಗ ಬೋರ್ಡ್ ಡಿಸ್ಕಿನೊಡನೆ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ಎಎಚ್‌ಸಿಐನಿಂದ ಐಡಿಇಗೆ ತಿರುಗಿಬಿಟ್ಟಿತ್ತು. ವಿಂಡೋಸ್ ಇನ್‌ಸ್ಟಾಲ್ ಆದದ್ದು ಎಎಚ್‌ಸಿಐನಲ್ಲಿ, ಹಾಗಾಗಿ ತನ್ನದೇ ಡಿಸ್ಕಿನ ಗುರುತು ಅದಕ್ಕೆ ಸಿಗಲಿಲ್ಲ. ನೀಲಿ ಪರದೆಯ ಸಂಖ್ಯೆ 7ಬಿ ಅದನ್ನೇ ಹೇಳುತ್ತಿತ್ತು. ಸಣ್ಣ ಸೆಲ್ ಒಂದನ್ನು ಬದಲಿಸಿ, ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿ ಮೋಡ್ ತಿರುಗಿಸಿ, ತಾರೀಕು ಸರಿಮಾಡಿದೆ. ಒಂದು ಫೈಲೂ ಹೋಗಿರಲಿಲ್ಲ.

ಈಗ ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಾ ಅರ್ಧ ಗಂಟೆ ಸುಮ್ನೆ ಆನ್ ಇಡುತ್ತೇನೆ, ಒಳಗೆ ಬೆಚ್ಚಗಿರಲಿ ಅಂತ. ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಗುಡುಗು ಕೇಳಿದರೆ ಪ್ಲಗ್ಗೇ ಕೀಳುತ್ತೇನೆ. ಮಳೆ ಲೆಕ್ಕ ಎರಡು ಪೆನ್‌ಡ್ರೈವ್‌ನಲ್ಲಿದೆ, ಒಂದು ಅಕ್ಕನ ಮನೆಯಲ್ಲಿ.

ಯಂತ್ರ ಎದ್ದ ದಿನ ಆಗಸ್ಟ್ 3, ಕಕ್ಕಡ 18. ಮದ್ದು ಪಾಯಸದ ಬಟ್ಟಲು ಪಕ್ಕದಲ್ಲಿಟ್ಟುಕೊಂಡು, ಕ್ಯಾಲೆಂಡರಿನ ಹಿಂದೆ ಗೀಚಿಟ್ಟಿದ್ದ ಬಾಕಿ ದಿನಗಳ ಇಂಚು ಸೆಂಟು ಎಲ್ಲ ತುಂಬಿಸಿದೆ. ಅಕ್ಕನ ಮಗ ಅಷ್ಟರಲ್ಲಿ ಮೂರು ಸಲ ಫೋನ್ ಮಾಡಿದ್ದ.