ಹಾಡಿನ ಹಿಂದೆ ಕೂತವರನ್ನು ನೆನಪಿಟ್ಟುಕೊಳ್ಳುವುದು ಹೇಗೆ

ಹಳೆಯ ಹಿಂದಿ ಹಾಡು ಬಂದರೆ ನಾವು ಮೂರು ಹೆಸರು ಹೇಳುತ್ತೇವೆ. ಹಾಡಿದವರು, ಸಂಗೀತ ಕೊಟ್ಟವರು, ತೆರೆಯ ಮೇಲೆ ತುಟಿ ಆಡಿಸಿದವರು. ಟ್ರಂಪೆಟ್ ಊದಿದವರು ಯಾರು? ಹಾಡುಗಾರ್ತಿಯ ದನಿಯ ಕೆಳಗೆ ಹರಿದು ಬರುವ ಪಿಟೀಲಿನ ಸಾಲನ್ನು ಬರೆದವರು ಯಾರು? ರೆಕಾರ್ಡಿನ ಮೇಲೆ ಅವರ ಹೆಸರನ್ನು ಅಚ್ಚು ಹಾಕುತ್ತಿರಲಿಲ್ಲ. 1940, 50, 60ರ ದಶಕಗಳ ಬೊಂಬಾಯಿಯಲ್ಲಿ ರಾತ್ರಿ ಹೋಟೆಲುಗಳಲ್ಲಿ ಜಾಜ್ ನುಡಿಸಿ, ಹಗಲು ಸಿನಿಮಾ ಸ್ಟುಡಿಯೊಗಳಲ್ಲಿ ಕೂತು ನಮ್ಮ ಕಿವಿಯನ್ನು ಬೆಳೆಸಿದವರು ಇವರು. ಹೆಚ್ಚಿನವರು ಗೋವಾದವರು. ಪಾರ್ಸಿಗಳೂ ಇದ್ದರು, ಕಲ್ಕತ್ತಾದಿಂದ ಬಂದವರೂ ಇದ್ದರು.

ನಾನು ಸಂಗೀತ ಕಲಿತವನಲ್ಲ. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು ಬೊಂಬಾಯಿಯ ಧೋಬಿತಲಾವ್ ಹತ್ತಿರದ ಒಂದು ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದವನು. ಹಗಲು ಟೇಬಲ್ಲು, ರಾತ್ರಿ ಕೋಟೆ (ಫೋರ್ಟ್) ಭಾಗದ ಕನ್ನಡ ರಾತ್ರಿಶಾಲೆ. ಮುಂದೆ ಅದೇ ಬೀದಿಯಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತೆ. ಬೆಳಿಗ್ಗೆ ಇಡ್ಲಿ ತಿನ್ನಲು ಬರುತ್ತಿದ್ದ ಗಿರಾಕಿಗಳಲ್ಲಿ ಪಿಟೀಲಿನವರು, ಸ್ಯಾಕ್ಸೊಫೋನಿನವರು ಜಾಸ್ತಿ. ಅವರ ಬಗ್ಗೆ ಆಗ ಕೇಳಿದ್ದನ್ನೂ ಆಮೇಲೆ ಹುಡುಕಿ ತಿಳಿದದ್ದನ್ನೂ ಬರೆದಿಡುತ್ತಾ ಬಂದಿದ್ದೇನೆ. ಅದರಿಂದ ನನಗೆ ಸಿಕ್ಕಿದ ಕ್ರಮ ಒಂದೇ: ದನಿ, ಹೆಸರು, ಊರು ಮೂರನ್ನೂ ಒಟ್ಟಿಗೆ ಕಟ್ಟಿ ಇಡಬೇಕು. ಬರೀ ಹೆಸರು ಎರಡು ದಿನದಲ್ಲಿ ಮರೆತುಹೋಗುತ್ತದೆ. ಒಂದು ಹಾಡಿನ ಒಂದು ಜಾಗಕ್ಕೆ ಕಟ್ಟಿದ ಹೆಸರು ಮರೆಯುವುದಿಲ್ಲ.

ಮೊದಲು ಕಿವಿಯಿಂದ ಶುರು ಮಾಡಿ. ಸುಲಭದ ಹಾಡು ಬೇಕು. 1964ರ ‘ಕಾಶ್ಮೀರ್ ಕಿ ಕಲಿ’ಯ ‘ಹೈ ದುನಿಯಾ ಉಸೀ ಕಿ’ ಹಾಕಿ. ರಫಿಯವರನ್ನು ಕೇಳಬೇಡಿ, ಅವರನ್ನು ನೀವು ಈಗಾಗಲೇ ಕೇಳಿದ್ದೀರಿ. ಅವರು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಸ್ಯಾಕ್ಸೊಫೋನ್ ಬಂದು ಮಾತಾಡಿಸುತ್ತದೆ. ಅದನ್ನು ಮಾತ್ರ ಹಿಡಿದುಕೊಂಡು ಹಾಡಿನ ಕೊನೆಯವರೆಗೆ ಹೋಗಿ. ಊದಿದವರು ಮನೋಹಾರಿ ಸಿಂಗ್. ಕಲ್ಕತ್ತಾದಿಂದ ಬೊಂಬಾಯಿಗೆ ಬಂದವರು, 2010ರಲ್ಲಿ ತೀರಿಕೊಂಡರು. ಸಂಗೀತ ಓ. ಪಿ. ನಯ್ಯರ್ ಅವರದು. ಈಗ ಆ ಹಾಡು ಎಲ್ಲಿ ಕೇಳಿದರೂ ನಿಮಗೆ ಮನೋಹಾರಿ ಸಿಂಗ್ ನೆನಪಾಗುತ್ತಾರೆ. (ನಮ್ಮವರಿಗೆ ಸ್ಯಾಕ್ಸೊಫೋನ್ ಅಂದರೆ ಕದ್ರಿ ಗೋಪಾಲನಾಥರು ಅಲ್ವಾ. ಮೈಸೂರು ಅರಮನೆಯ ಬ್ಯಾಂಡು ಕೇಳಿ ಆ ವಾದ್ಯಕ್ಕೆ ಮನಸೋತವರು ಅವರು. 1980ರಲ್ಲಿ ಬೊಂಬಾಯಿಯ ಜಾಜ್ ಉತ್ಸವದಲ್ಲಿ ಅವರು ನುಡಿಸುವುದನ್ನು ಕೇಳಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ತಾವೂ ವೇದಿಕೆಗೆ ಬಂದು ಜೊತೆಗೂಡಿದರು. ಅದೇ ವಾದ್ಯ ಕರ್ನಾಟಕ ಸಂಗೀತದಲ್ಲಿ ಹೇಗೆ ಉಲಿಯುತ್ತದೆ, ಇಲ್ಲಿ ಹೇಗೆ ಉಲಿಯುತ್ತದೆ ಎಂದು ಹೋಲಿಸಿ ಕೇಳಿದರೆ ಕಿವಿ ಬೇಗ ಚುರುಕಾಗುತ್ತದೆ.)

ಎರಡನೆಯದು ಕಣ್ಣಿಗೂ ಕಾಣುವ ಹಾಡು. ಸಿನಿಮಾದಲ್ಲಿ ಕಾಣುವ ಬ್ಯಾಂಡು ಬಹಳ ಸಲ ಬರೀ ವೇಷ. ಆದರೆ 1951ರ ‘ಅಲ್ಬೇಲಾ’ದ ‘ದೀವಾನಾ ಯೇ ಪರ್ವಾನಾ’ದಲ್ಲಿ ನಿಜವಾದ ಬ್ಯಾಂಡೇ ತೆರೆಗೆ ಬಂದಿದೆ. ಝಾಲರಿನ ತೋಳಿನ ಅಂಗಿ ಹಾಕಿ ಟ್ರಂಪೆಟ್ ಹಿಡಿದವರು ಚಿಕ್ ಚಾಕೊಲೇಟ್. ಮನೆಯವರು ಇಟ್ಟ ಹೆಸರು ಆಂಟೋನಿಯೊ ಝೇವಿಯರ್ ವಾಝ್. ಹುಟ್ಟಿದ್ದು 1916ರಲ್ಲಿ, ಗೋವಾದ ಆಲ್ದೋನಾದಲ್ಲಿ. ಅಮೆರಿಕದ ಜಾಜ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ರೆಕಾರ್ಡುಗಳನ್ನು ಕೇಳಿ ಆ ಧಾಟಿಯನ್ನು ಕೈವಶ ಮಾಡಿಕೊಂಡರು. ಜನ ಅವರನ್ನು ಬೊಂಬಾಯಿಯ ಆರ್ಮ್‌ಸ್ಟ್ರಾಂಗ್ ಎಂದೇ ಕರೆದರು. ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಜೊತೆ ಸಹಾಯಕರಾಗಿ ದುಡಿದರು. 1967ರಲ್ಲಿ, ಇನ್ನೂ ಐವತ್ತರ ಆಸುಪಾಸಿನಲ್ಲೇ ಹೋಗಿಬಿಟ್ಟರು. ಆ ಹಾಡು ನೋಡುವಾಗ ಮುಂದೆ ಕುಣಿಯುವವರನ್ನು ಬಿಟ್ಟು ಹಿಂದಿನ ಸಾಲನ್ನು ನೋಡಿ. ಯಾರ ಕೈಯಲ್ಲಿ ಯಾವ ವಾದ್ಯ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಮೂರನೆಯದು ಸ್ವಲ್ಪ ಕಷ್ಟ. ಇಲ್ಲಿ ನುಡಿಸಿದವರಿಗಿಂತ ಬರೆದವರನ್ನು ಕೇಳಬೇಕು. 1955ರ ‘ಶ್ರೀ 420’ ಚಿತ್ರದ ‘ಪ್ಯಾರ್ ಹುವಾ ಇಕ್ರಾರ್ ಹುವಾ’ ಹಾಕಿ, ಹಾಡುವ ದನಿಯ ಕೆಳಗೆ ಪಿಟೀಲುಗಳು ಏನು ಮಾಡುತ್ತಿವೆ ಎಂದು ಕೇಳಿ. ಅವು ಹಾಡಿನ ರಾಗವನ್ನೇ ನುಡಿಸುತ್ತಿಲ್ಲ. ತಮ್ಮದೇ ಇನ್ನೊಂದು ರಾಗ ಹಿಡಿದು ಹಾಡಿನ ಪಕ್ಕದಲ್ಲಿ ನಡೆಯುತ್ತಿವೆ. ಆ ಚಿತ್ರದ ಸಂಗೀತ ನಿರ್ದೇಶಕರಾದ ಶಂಕರ್-ಜೈಕಿಶನ್ ಅವರಿಗೆ ಈ ಕೆಲಸ ಮಾಡಿಕೊಡುತ್ತಿದ್ದ ಅರೇಂಜರ್ ಸೆಬಾಸ್ಟಿಯನ್ ಡಿಸೋಜಾ. ಇವರೂ ಗೋವಾದವರು. ದೇಶ ಒಡೆಯುವ ಮುಂಚೆ ಲಾಹೋರಿನ ಹೋಟೆಲಿನಲ್ಲಿ ಬ್ಯಾಂಡು ನಡೆಸುತ್ತಿದ್ದರು. ವಿಭಜನೆ ಆದಾಗ ಬೊಂಬಾಯಿಗೆ ಬಂದರು.

ಅರೇಂಜರ್ ಎಂದರೆ ಏನು ಕೆಲಸ ಎಂದು ಒಮ್ಮೆ ಚೆನ್ನಾಗಿ ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಹಿಡಿದು ರಾಗ ಕೂರಿಸುತ್ತಾರೆ. ಅರೇಂಜರ್ ಅದನ್ನು ಐದು ಗೆರೆಯ ಕಾಗದದ ಮೇಲೆ ನೊಟೇಶನ್ನಿನಲ್ಲಿ ಬರೆದುಕೊಳ್ಳುತ್ತಾರೆ. ಶುರುವಿನಲ್ಲಿ ಏನು ಬರಬೇಕು, ಚರಣಗಳ ನಡುವೆ ಯಾವ ವಾದ್ಯ, ದನಿಯ ಕೆಳಗೆ ಏನು, ಎಲ್ಲವನ್ನೂ ಬರೆದು ಪ್ರತಿ ವಾದ್ಯದವರಿಗೂ ಬೇರೆ ಬೇರೆ ಹಾಳೆ ಮಾಡಿ ಕೊಡುತ್ತಾರೆ. ಆಗ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ನುಡಿಸಬೇಕಿತ್ತು. ಒಬ್ಬರು ತಪ್ಪಿದರೆ ಮತ್ತೆ ಮೊದಲಿಂದ. ಹಾಳೆ ನೋಡಿದ ಕೂಡಲೇ ನುಡಿಸಬಲ್ಲವರು ಬೇಕಿತ್ತು. ಗೋವಾದಲ್ಲಿ ಪೋರ್ಚುಗೀಸರ ಕಾಲದಿಂದ ಊರೂರಿನ ಚರ್ಚಿನ ಶಾಲೆಯಲ್ಲಿ ಮಕ್ಕಳಿಗೆ ನೊಟೇಶನ್ ಓದುವುದು, ಪಿಟೀಲು ಹಿಡಿಯುವುದು ಕಲಿಸುತ್ತಿದ್ದರು. ಆ ಮಕ್ಕಳೇ ದೊಡ್ಡವರಾಗಿ ಬೊಂಬಾಯಿಗೆ ಬಂದದ್ದು. 1949ರ ಕಾನೂನಿನಿಂದ ಪಾನನಿಷೇಧ ಬಂದು ಹೋಟೆಲುಗಳ ರಾತ್ರಿ ವ್ಯಾಪಾರ ಕುಗ್ಗಿದಾಗ ಸಿನಿಮಾ ಕೆಲಸವೇ ಹಲವರ ಮನೆ ನಡೆಸಿತು.

ಈ ಸಾಲಿನಲ್ಲಿ ನನಗೆ ಅತಿ ಗೌರವ ಆಂಥೋನಿ ಗೊನ್ಸಾಲ್ವಿಸ್ ಮೇಲೆ. 1927ರಲ್ಲಿ ಮಾಜೋರ್ಡಾದಲ್ಲಿ ಹುಟ್ಟಿದವರು. ಪಿಟೀಲಿನ ಮೇಷ್ಟ್ರು. ಸಂಗೀತ ನಿರ್ದೇಶಕರಾದ ಆರ್. ಡಿ. ಬರ್ಮನ್ ಮತ್ತು (ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ) ಪ್ಯಾರೇಲಾಲ್ ಇಬ್ಬರೂ ಅವರ ಶಿಷ್ಯರು. ನಮ್ಮ ರಾಗಗಳನ್ನು ದೊಡ್ಡ ಆರ್ಕೆಸ್ಟ್ರಾಕ್ಕೆ ಬರೆಯಬೇಕೆಂಬ ಹಂಬಲದಿಂದ 1958ರಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಕಟ್ಟಿ, ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ಕಛೇರಿ ಮಾಡಿದರು. ಲತಾ ಮಂಗೇಶ್ಕರ್, ಮನ್ನಾ ಡೇ ಅದರಲ್ಲಿ ಹಾಡಿದರು. ಆ ಕಾಲೇಜು ನಮ್ಮ ಬೀದಿಯಿಂದ ಕೂಗಳತೆ. 1977ರ ‘ಅಮರ್ ಅಕ್ಬರ್ ಆಂಥೋನಿ’ಯಲ್ಲಿ ಅವರ ಹೆಸರಿನ ಹಾಡು ಬಂತಲ್ಲ, ಅದು ಪ್ಯಾರೇಲಾಲ್ ತಮ್ಮ ಗುರುವಿಗೆ ಸಲ್ಲಿಸಿದ ನಮಸ್ಕಾರ. ಮೊಟ್ಟೆಯಿಂದ ಅಮಿತಾಭ್ ಹೊರಬರುವುದು ಎಲ್ಲರಿಗೂ ಗೊತ್ತು. ಆ ಹೆಸರಿನ ಮನುಷ್ಯ 2012ರವರೆಗೆ ಬದುಕಿದ್ದರು ಎಂಬುದು ಎಷ್ಟು ಜನಕ್ಕೆ ಗೊತ್ತು? ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮುಂದಿನ ಸಲ ಗಣಪತಿ ಪೆಂಡಾಲಿನಲ್ಲಿ ಆ ಹಾಡು ಬಂದಾಗ ಪಕ್ಕದಲ್ಲಿ ಕುಣಿಯುವ ಹುಡುಗರಿಗೆ ಇಷ್ಟು ಹೇಳಿ.

ಕಿವಿಗೆ ಅಭ್ಯಾಸ ಆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಡೆಯಲು ಹೊರಡಿ. ಧೋಬಿತಲಾವಿನ ಜೇರ್ ಮಹಲ್ ಕಟ್ಟಡದಿಂದ ಶುರು ಮಾಡಿ. ಮೇಲಿನ ಮಹಡಿಗಳಲ್ಲಿ ಗೋವಾದ ಹಳ್ಳಿಗಳವರ ‘ಕುಡ್’ಗಳಿವೆ. ಒಂದೊಂದು ಊರಿನವರು ತಮ್ಮ ಗಂಡಸರು ಉಳಿದುಕೊಳ್ಳಲಿ ಎಂದು ಮಾಡಿಕೊಂಡ ಕೋಣೆಗಳು. ನಮ್ಮ ಹೋಟೆಲ್ ಹುಡುಗರು ಒಂದೇ ಕೋಣೆಯಲ್ಲಿ ಟ್ರಂಕು ಇಟ್ಟುಕೊಂಡು ಮಲಗುತ್ತಿದ್ದ ಹಾಗೆಯೇ. ಹಡಗಿನ ಕೆಲಸದವರು, ಅಡುಗೆಯವರು, ವಾದ್ಯದವರು ಎಲ್ಲರೂ ಅಲ್ಲೇ. ಕೆಳಗೆ ಫುರ್ಟಾಡೋಸ್ ವಾದ್ಯದಂಗಡಿ, ಕಯಾನಿ ಇರಾನಿ ಹೋಟೆಲು, ಎದುರಿಗೆ ಮೆಟ್ರೊ ಟಾಕೀಸು. ಅಲ್ಲಿಂದ ಚರ್ಚ್‌ಗೇಟಿಗೆ ಬನ್ನಿ. ಈಗಿನ ವೀರ್ ನರಿಮನ್ ರಸ್ತೆ ಆಗ ಚರ್ಚ್‌ಗೇಟ್ ಸ್ಟ್ರೀಟ್. ಗೇಲಾರ್ಡ್, ಆಂಬಾಸಿಡರ್, ಅಸ್ಟೋರಿಯಾ ಹೋಟೆಲುಗಳು ಎಲ್ಲಾ ಆಸುಪಾಸಿನಲ್ಲೇ. ಅಸ್ಟೋರಿಯಾದ ವೆನಿಸ್ ಎಂಬ ನೈಟ್‌ಕ್ಲಬ್ಬಿನಲ್ಲಿ ಕ್ರಿಸ್ ಪೆರಿ ಬ್ಯಾಂಡಿನ ಜೊತೆ ಲೋರ್ನಾ ಹಾಡುತ್ತಿದ್ದರು. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಆ ದನಿ ಗೊತ್ತಿಲ್ಲದವರು ಕಡಿಮೆ. ಕೊನೆಗೆ ಅಪೊಲೊ ಬಂದರ್. 1935ರಲ್ಲಿ ಲಿಯಾನ್ ಆಬಿ ಅಮೆರಿಕದ ಕಪ್ಪು ವಾದ್ಯಗಾರರ ಬ್ಯಾಂಡು ಕಟ್ಟಿಕೊಂಡು ಬಂದು ಅಲ್ಲಿಯ ತಾಜ್ ಹೋಟೆಲಿನಲ್ಲಿ ನುಡಿಸಿದರು. ಇಲ್ಲಿಯ ಹುಡುಗರು ಜಾಜ್ ಅನ್ನು ಅಂಥವರ ಎದುರು ಕೂತೇ ಕಲಿತದ್ದು. ತಾಜ್‌ನ ಎತ್ತರದ ಹೊಸ ಗೋಪುರ ನಿಂತಿದೆಯಲ್ಲ, ಅಲ್ಲಿ ಮೊದಲು ಗ್ರೀನ್ಸ್ ಹೋಟೆಲ್ ಇತ್ತು. ಚಿಕ್ ಚಾಕೊಲೇಟ್ ಅಲ್ಲಿ ನುಡಿಸುತ್ತಿದ್ದರು. ಆ ಫುಟ್‌ಪಾತಿನಲ್ಲಿ ನಿಂತು ಫೋನಿನಲ್ಲಿ ‘ಅಲ್ಬೇಲಾ’ದ ಹಾಡು ಹಾಕಿ ಕೇಳಿ.

ಈಗ ಎಲ್ಲಕ್ಕಿಂತ ಮುಖ್ಯದ ಕೆಲಸ. ಆ ಕಾಲದವರು ಯಾರಾದರೂ ನಿಮ್ಮ ಕಟ್ಟಡದಲ್ಲಿ, ಗುರುತಿನಲ್ಲಿ ಇದ್ದರೆ ಅವರ ಬಳಿ ಹೋಗಿ ಕೂರಿ. ನುಡಿಸಿದವರೇ ಆಗಬೇಕೆಂದಿಲ್ಲ. ಅವರ ಹೆಂಡತಿ, ಮಗಳು, ಸ್ಟುಡಿಯೊಗೆ ಚಹಾ ಕೊಟ್ಟವರು, ಟ್ಯಾಕ್ಸಿ ಓಡಿಸಿದವರು, ಯಾರಾದರೂ ಸರಿ. “ಆ ಕಾಲ ಹೇಗಿತ್ತು ಅಂಕಲ್?” ಎಂದು ಕೇಳಬೇಡಿ. “ತುಂಬಾ ಚೆನ್ನಾಗಿತ್ತು” ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಒಂದು ಹಾಡು ಹಾಕಿ, ಮುಗಿಯುವವರೆಗೆ ಸುಮ್ನೆ ಇರಿ. ಆಮೇಲೆ ಕೇಳಿ: ನಿಮ್ಮ ಎಡಗಡೆ ಯಾರು ಕೂರುತ್ತಿದ್ದರು? ಬಲಗಡೆ? ಯಾವ ಸ್ಟುಡಿಯೊ, ತಾಡದೇವಿನದೋ ಬಾಂದ್ರಾದ್ದೋ? ಎಷ್ಟು ಹೊತ್ತಿಗೆ ಕರೆಯುತ್ತಿದ್ದರು, ಊಟ ಎಲ್ಲಿ? ದುಡ್ಡು ಅದೇ ದಿನ ಕೈಗೆ ಸಿಗುತ್ತಿತ್ತೋ? ಪಕ್ಕದಲ್ಲಿ ಕೂತವರ ಹೆಸರು ಕೇಳಿದರೆ ಒಂದು ಹೆಸರಿನ ಹಿಂದೆ ಇನ್ನೊಂದು ಬರುತ್ತದೆ. ನಮ್ಮಲ್ಲಿ ಇಡ್ಲಿಗೆ ಬರುತ್ತಿದ್ದ ಒಬ್ಬ ಪಿಟೀಲಿನವರು ಪೆಟ್ಟಿಗೆಯನ್ನು ಯಾವತ್ತೂ ನೆಲದ ಮೇಲೆ ಇಡುತ್ತಿರಲಿಲ್ಲ. ಅದಕ್ಕೊಂದು ಕುರ್ಚಿ ಬೇಕು. ಕಪ್ಪು ಕೋಟಿನ ತೋಳಿನ ಮೇಲೆ ರಾಳದ ಬಿಳಿ ಪುಡಿ ಅಂಟಿಕೊಂಡಿರುತ್ತಿತ್ತು. ಒಂದು ದಿನ ಪೆಟ್ಟಿಗೆ ತೆರೆದು ರಾಳದ ತುಂಡು ತೋರಿಸಿದರು. ಕಮಾನು ಉಜ್ಜಿ ಉಜ್ಜಿ ನಡುವೆ ಕಾಲುವೆಯ ಹಾಗೆ ಗೀರು ಬಿದ್ದಿತ್ತು. ಹಾಗಾಗಿ ಸಾಮಾನುಗಳ ಬಗ್ಗೆಯೂ ಕೇಳಿ. ವಾದ್ಯ ಎಲ್ಲಿ ಕೊಂಡದ್ದು, ತಂತಿ ತುಂಡಾದರೆ ಯಾರ ಹತ್ತಿರ ಹೋಗುತ್ತಿದ್ದರು, ಕೋಟು ಹೊಲಿದವರು ಯಾರು. ವಸ್ತು ಕೈಗೆ ಬಂದರೆ ಮಾತು ತಾನಾಗಿ ಬರುತ್ತದೆ.

ಫೋನಿನಲ್ಲಿ ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ. ಫ್ಯಾನು ಆರಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಮೊದಲು ನೀವೇ ತಾರೀಕು, ಜಾಗ, ಅವರ ಪೂರ್ತಿ ಹೆಸರು ಹೇಳಿ. ಅರ್ಧ ಗಂಟೆ ಸಾಕು, ವಯಸ್ಸಾದವರು ದಣಿಯುತ್ತಾರೆ. ಮತ್ತೆ ಹೋಗಬಹುದು. ಫೋಟೊ ತೋರಿಸಿದರೆ ನಿಂತವರ ಹೆಸರನ್ನು ಎಡದಿಂದ ಬಲಕ್ಕೆ ಕೇಳಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಪೆನ್ನು ಬೇಡ, ಶಾಯಿ ಮುಂಬದಿಗೆ ಇಳಿಯುತ್ತದೆ. ಬ್ಯಾಂಡಿನ ಹೆಸರು ಬೇರೆ, ಮನೆಯ ಹೆಸರು ಬೇರೆ ಇರುತ್ತದೆ. ಎರಡನ್ನೂ ಬರೆಯಿರಿ. ಗೋವಾದಲ್ಲಿ ಒಂದೇ ಹೆಸರಿನವರು ಬಹಳ ಜನ, ಹಾಗಾಗಿ ಊರಿನ ಹೆಸರು ಬಿಡಲೇಬೇಡಿ.

ಮನೆಯಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಗಳಿದ್ದರೆ ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಅವು ಅರಗಿನಿಂದ ಮಾಡಿದವು. ಸ್ಪಿರಿಟ್ ಹಾಕಿ ಒರೆಸಿದರೆ ಅರಗು ಕರಗಿ ತಟ್ಟೆ ಹಾಳಾಗುತ್ತದೆ. ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ನಡುವಿನ ಲೇಬಲ್ಲಿನ ಫೋಟೊ ತೆಗೆದಿಡಿ, ನಂಬರಿನ ಸಮೇತ.

ಕೂಡಿಸಿದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ನಮ್ಮ ಕನ್ನಡ ಸಂಘಗಳಲ್ಲಿ ಹಳೆಯ ಹಾಡಿನ ಸಂಜೆ ನಡೆಯುತ್ತಲೇ ಇರುತ್ತದೆ. ನಿರೂಪಣೆ ಮಾಡುವವರ ಹತ್ತಿರ ಮೊದಲೇ ಮಾತಾಡಿ, ಪ್ರತಿ ಹಾಡಿಗೂ ಒಬ್ಬ ವಾದ್ಯದವರ ಹೆಸರು, ಊರು ಹೇಳಿಸಿ. ಅರ್ಧ ನಿಮಿಷದ ಕೆಲಸ. ಬದುಕಿರುವವರಿಗೆ ಬದುಕಿರುವಾಗಲೇ ಹೇಳಿ. ಲೋರ್ನಾ ಎಷ್ಟೋ ವರ್ಷ ಹಾಡುವುದನ್ನೇ ಬಿಟ್ಟಿದ್ದರು. 1995ರಲ್ಲಿ ಮತ್ತೆ ವೇದಿಕೆಗೆ ಬಂದಾಗ ಜನ ಅವರನ್ನು ಮರೆತಿರಲಿಲ್ಲ.

ಪುಣೆಯಲ್ಲಿ ಇರುವವರಿಗೆ ಒಂದು ಅನುಕೂಲ ಇದೆ. ಅಲ್ಲಿಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಿಂದ ಹಳೆಯ ಚಿತ್ರಗಳ ಜೊತೆ ಹಾಡಿನ ಪುಸ್ತಿಕೆ, ಪೋಸ್ಟರುಗಳನ್ನೂ ಕೂಡಿಸುತ್ತಾ ಬಂದಿದೆ. ಸಹಾಯಕ ಸಂಗೀತಗಾರರ ಹೆಸರು ಕೆಲವು ಸಲ ಪುಸ್ತಿಕೆಯ ಮೂಲೆಯಲ್ಲಿ ಸಿಗುತ್ತದೆ. ಗೋವಾಕ್ಕೆ ಹೋಗುವವರು ಮಡಗಾಂವ್‌ನಲ್ಲಿ ಇಳಿದರೆ ಮಾಜೋರ್ಡಾ ಹತ್ತಿರ. ಆಲ್ದೋನಾಕ್ಕೆ ಮಾಪ್ಸಾ ಕಡೆಯಿಂದ ಬಸ್ಸು. ನೀವು ಮಾಡಿದ ರೆಕಾರ್ಡಿಂಗಿನ, ಫೋಟೊದ ಒಂದು ಕಾಪಿಯನ್ನು ಆ ವಾದ್ಯದವರ ಮನೆಗೆ ಮುಟ್ಟಿಸಿ. ಮನೆ ಗೊತ್ತಿಲ್ಲದಿದ್ದರೆ ಊರಿನ ಚರ್ಚಿನ ಪಾದ್ರಿಗಳನ್ನು ಕೇಳಿ. ಜ್ಞಾನಸ್ನಾನದ ಪುಸ್ತಕದಲ್ಲಿ ಪೂರ್ತಿ ಹೆಸರು, ತಂದೆತಾಯಿಯ ಹೆಸರು ಇರುತ್ತದೆ. ಅದನ್ನೂ ನಿಮ್ಮ ಚೀಟಿಗೆ ಸೇರಿಸಿಕೊಳ್ಳಿ.