ಹೊಸಬರಿಗೆ ಮಾರ್ಗದರ್ಶಿ: ‘ಫ್ರೀ’ ಫೋನಿಗೆ ಒಪ್ಪಿಗೆ ಕೊಡುವ ಮುಂಚೆ

ಊರು ಬಿಟ್ಟು ಈ ದೇಶಕ್ಕೆ ಬಂದ ಮೊದಲ ವಾರದಲ್ಲೇ ಇಲ್ಲಿನ ಫೋನ್ ನಂಬರ್ ಬೇಕಾಗುತ್ತದೆ. ಬಾಡಿಗೆ ಮನೆ, ಮಕ್ಕಳ ಶಾಲೆ, ಬ್ಯಾಂಕ್ ಖಾತೆ, ಎಲ್ಲ ಕಡೆ ಅದನ್ನೇ ಕೇಳುತ್ತಾರೆ. ಆನ್‌ಲೈನ್‌ನಲ್ಲಿ ಹುಡುಕಿದರೆ ‘ಹೊಸ ಫೋನ್ ಫ್ರೀ’ ಅನ್ನುವ ಜಾಹೀರಾತುಗಳು ಸಾಲು ಸಾಲಾಗಿ ಕಾಣುತ್ತವೆ. ಅವೆಲ್ಲ ಸುಳ್ಳಲ್ಲ. ಆದರೆ ಫೋನಿನ ದುಡ್ಡು ಎಲ್ಲಿಂದಲೋ ಬರಲೇಬೇಕು, ಅಲ್ವಾ? ಹೆಚ್ಚಾಗಿ ಅದು ನಿಮ್ಮ ತಿಂಗಳ ಬಿಲ್ಲಿನಿಂದಲೇ ಬರುತ್ತದೆ.

ಸಾಮಾನ್ಯವಾಗಿ ಫೋನನ್ನು ಕಂತಿನ ಮೇಲೆ ಕೊಡುತ್ತಾರೆ. ಪ್ರತಿ ಬಿಲ್ಲಿನಲ್ಲೂ ಕಂತು ಬರೆದು, ಕೆಳಗೆ ಅಷ್ಟೇ ಮೊತ್ತವನ್ನು ಕ್ರೆಡಿಟ್ ಅಂತ ಕಳೆಯುತ್ತಾರೆ. 24 ಅಥವಾ 36 ತಿಂಗಳು ಹೀಗೇ ನಡೆಯುತ್ತದೆ. ಲೆಕ್ಕಕ್ಕೆ ಇಲ್ಲಿನ ಹಣದಲ್ಲಿ ಫೋನಿನ ಬೆಲೆ 720, ಅವಧಿ 36 ತಿಂಗಳು ಅಂತ ಇಟ್ಟುಕೊಳ್ಳಿ. ತಿಂಗಳಿಗೆ 20 ಕಂತು, 20 ಕ್ರೆಡಿಟ್. ವರ್ಷ ಕಳೆದ ಮೇಲೆ ನೌಕರಿ ಬದಲಾಗಿ ಬೇರೆ ದೇಶಕ್ಕೆ ಹೊರಟಿರಿ. ಕ್ರೆಡಿಟ್ ಅಲ್ಲಿಗೇ ನಿಲ್ಲುತ್ತದೆ, ಉಳಿದ 480 ನಿಮ್ಮ ತಲೆಗೆ ಬರುತ್ತದೆ. ಮಧ್ಯದಲ್ಲಿ ಅಗ್ಗದ ಪ್ಲಾನಿಗೆ ಇಳಿದರೂ ಎಷ್ಟೋ ಆಫರ್‌ಗಳಲ್ಲಿ ಕ್ರೆಡಿಟ್ ಹೋಗಿಬಿಡುತ್ತದೆ.

ಇಂಥ ಆಫರ್ ಹೆಚ್ಚಾಗಿ ದುಬಾರಿ ಪ್ಲಾನಿಗೇ ಅಂಟಿಕೊಂಡಿರುತ್ತದೆ. ಬರೀ ಸಿಮ್ ಪ್ಲಾನಿಗಿಂತ ಅದು ತಿಂಗಳಿಗೆ 25 ಜಾಸ್ತಿ ಇದ್ದರೆ, 36 ತಿಂಗಳಿಗೆ 900 ಆಯಿತು. 720ರ ಫೋನಿಗೆ 900 ಕೊಟ್ಟ ಹಾಗೆ! ಆಕ್ಟಿವೇಶನ್ ಶುಲ್ಕ, ತೆರಿಗೆ ಬೇರೆ. ಹೊಸಬರಿಗೆ ಇಲ್ಲಿನ ಸಾಲದ ಚರಿತ್ರೆ (ಸಾಲ, ಬಿಲ್ಲು ಸರಿಯಾಗಿ ಕಟ್ಟಿದ ದಾಖಲೆ) ಇಲ್ಲದಿದ್ದರೆ ಡಿಪಾಸಿಟ್ ಕೂಡ ಕೇಳಬಹುದು. ಹೇಗೂ ಆ ಪ್ಲಾನೇ ಬೇಕು, ಮೂರು ವರ್ಷ ಇಲ್ಲೇ ಇರುತ್ತೇವೆ ಅನ್ನುವ ಕುಟುಂಬಕ್ಕೆ ಮಾತ್ರ ಇದು ನಿಜಕ್ಕೂ ಲಾಭ.

ನಮ್ಮವರು ಜಾಸ್ತಿ ಕಷ್ಟಪಡುವುದು ಲಾಕ್ ವಿಷಯದಲ್ಲಿ. ಕಂತಿನ ಫೋನು ಎಷ್ಟೋ ಸಲ ಆ ಕಂಪನಿಯ ಸಿಮ್‌ಗೆ ಮಾತ್ರ ಕೆಲಸ ಮಾಡುತ್ತದೆ. ಊರಿನ ಸಿಮ್ ಹಾಕಿದರೆ ಒಪ್ಪುವುದಿಲ್ಲ. ಊರಿನ ಬ್ಯಾಂಕ್ ಓಟಿಪಿ ಕಳಿಸುವುದು ಆ ನಂಬರಿಗೇ ಅಲ್ವಾ? ಹಾಗಾಗಿ ಹಳೇ ಫೋನನ್ನು ಕೊಟ್ಟುಬಿಡಬೇಡಿ. ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ‘ಕ್ಯಾರಿಯರ್ ಲಾಕ್’ ಅನ್ನುವ ಸಾಲು ನೋಡಿ. ಅಲ್ಲಿ ‘ನೋ ಸಿಮ್ ರೆಸ್ಟ್ರಿಕ್ಷನ್ಸ್’ ಅಂತ ಇದ್ದರೆ ಲಾಕ್ ಇಲ್ಲ.

ನಮ್ಮ ಸಲಹೆ ಕೇಳಿದರೆ, ಮೊದಲ ಕೆಲವು ತಿಂಗಳು ತಂದ ಫೋನಿಗೇ ಪ್ರೀಪೇಯ್ಡ್ ಸಿಮ್ ಹಾಕಿಕೊಳ್ಳಿ. ಆ ಫೋನು ಇಲ್ಲಿನ ನೆಟ್‌ವರ್ಕ್‌ಗೆ ಹೊಂದುತ್ತದಾ ಅಂತ ಮೊದಲು ನೋಡಿ. *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಬರುತ್ತದೆ. ಎಷ್ಟೋ ಕಂಪನಿಗಳು ತಮ್ಮ ಸೈಟಿನಲ್ಲಿ ಅದನ್ನು ಹಾಕಿ ನೋಡಲು ಬಿಡುತ್ತವೆ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವಾಗಲೂ ಇದೇ ಅಂಕಿ ಕೇಳಿ ಪಡೆಯಿರಿ. ಕಳವಾಗಿದೆ ಅಂತ ದೂರು ಬಿದ್ದ ಫೋನಾದರೆ ಅದನ್ನು ನೆಟ್‌ವರ್ಕ್ ತಡೆದಿರಬಹುದು.

ಮೋಸದ ಆಫರ್ ಗುರುತಿಸುವುದು ಕಷ್ಟವಲ್ಲ. ‘ನೀವು ಗೆದ್ದಿದ್ದೀರಿ, ಕೊರಿಯರ್ ಖರ್ಚು ಮಾತ್ರ ಕೊಡಿ’ ಅಂತ ಕಾರ್ಡ್ ನಂಬರ್ ಕೇಳಿದರೆ ಪುಟವನ್ನು ಮುಚ್ಚಿಬಿಡಿ. ಕೆಲವು ಕಡೆ ಆ ಚಿಕ್ಕ ಮೊತ್ತದ ಜೊತೆಗೇ ಪ್ರತಿ ತಿಂಗಳೂ ದುಡ್ಡು ಕಡಿತ ಮಾಡುವ ಚಂದಾ ಒಪ್ಪಂದ ಸೇರಿಕೊಂಡಿರುತ್ತದೆ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ, ಕಂಪನಿಯ ವಿಳಾಸವನ್ನು ನೀವೇ ಟೈಪ್ ಮಾಡಿ. ಓಟಿಪಿಯನ್ನಂತೂ ಯಾರಿಗೂ ಹೇಳಬೇಡಿ.

ಆಫರ್ ತೆಗೆದುಕೊಂಡಿರಾ? ಆ ಪುಟದ ಸ್ಕ್ರೀನ್‌ಶಾಟ್, ಷರತ್ತುಗಳು, ಚಾಟ್‌ನಲ್ಲಿ ಕೊಟ್ಟ ಮಾತು, ಎಲ್ಲ ಉಳಿಸಿಕೊಳ್ಳಿ. ಕ್ರೆಡಿಟ್ ಶುರುವಾಗಲು ಒಂದೆರಡು ಬಿಲ್ ಹಿಡಿಯಬಹುದು. ಮೂರನೇ ಬಿಲ್ಲಿನಲ್ಲೂ ಕಾಣದಿದ್ದರೆ ಸುಮ್ನೆ ಕಾಯಬೇಡಿ, ಸ್ಕ್ರೀನ್‌ಶಾಟ್ ಸಮೇತ ಕಂಪನಿಗೆ ಬರೆಯಿರಿ. ಬಿಲ್ ಅರ್ಥವಾಗದಿದ್ದರೆ ನಮ್ಮ ಸಂಘದ ಮುಂದಿನ ಕೂಟಕ್ಕೆ ತನ್ನಿ, ಜೊತೆಗೆ ಕೂತು ಓದೋಣ.